ಬೇಲಿಯಾಚೆಯ ಕಸಿಕಡ್ಡಿ

ಮಾವಿನ ತೊಟ್ಟು ಮುರಿದಾಗ ಚಿಮ್ಮುವ ಸೊನೆಗೆ ಒಂದು ವಾಸನೆಯಿದೆ. ಮೊದಲು ಸೀಮೆಎಣ್ಣೆಯಂತೆ ಮೂಗಿಗೇರಿ, ಆಮೇಲೆ ನಿಧಾನವಾಗಿ ಸಿಹಿಯಾಗುವಂಥದು. ಈ ಬೇಸಿಗೆಯಲ್ಲಿ ಅಂಕೋಲೆಯ ಬಸ್ ಸ್ಟ್ಯಾಂಡಿನ ಹತ್ತಿರ ಬುಟ್ಟಿಯಿಟ್ಟು ಕೂತಿದ್ದ ಹೆಂಗಸೊಬ್ಬಳು, "ಕರಿ ಇಶಾಡೇ ತಂಗೀ, ಸುಳ್ಳು ಹೇಳಿ ನಾ ಎಲ್ಲಿಗೆ ಹೋಗ್ಲಿ?" ಎನ್ನುತ್ತ ಹಣ್ಣೊಂದನ್ನು ಕೈಗಿಟ್ಟಳು. ನಾನು ತೊಟ್ಟು ಮೂಸಿದೆ, ಉಗುರಿನಿಂದ ಸಿಪ್ಪೆ ಒತ್ತಿ ನೋಡಿದೆ. ಇಶಾಡ ಮಾವಿನಲ್ಲಿ ತೆಳು ಸಿಪ್ಪೆಯ, ಹೆಚ್ಚು ಸಿಹಿಯದು ಕರಿ ಇಶಾಡ, ದಪ್ಪ ಸಿಪ್ಪೆಯದು ಬಿಳಿ ಇಶಾಡ. ಒಂದನ್ನು ತೋರಿಸಿ ಇನ್ನೊಂದನ್ನು ಕಟ್ಟಿಕೊಡುವುದು ನಮ್ಮ ಕಡೆ ಹೊಸತೇನಲ್ಲ. ಆದರೂ ಒಂದು ಹಣ್ಣನ್ನು ಇಷ್ಟು ಸಂಶಯದಿಂದ ಹಿಡಿಯುವ ಅಭ್ಯಾಸ ನನಗೆ ಅಜ್ಜಿಯಿಂದ ಬಂದದ್ದೆಂದು ಅಲ್ಲಿ ನಿಂತಾಗಲೇ ಹೊಳೆಯಿತು.

ಅಜ್ಜ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದ. ನಿವೃತ್ತಿಯಾದ ಮೇಲೆ ಅವನ ಜೊತೆಯವರು ಏನಾದರೊಂದು ಹಚ್ಚಿಕೊಂಡರು. ಒಬ್ಬರು ಭಜನೆ, ಒಬ್ಬರು ಇಸ್ಪೀಟು, ಇನ್ನೊಬ್ಬರು ಹಳೆಯ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಲಾರದೆ ಕೂರುವುದು. ಅಜ್ಜ ಬ್ರಶ್ಶನ್ನು ಮುಟ್ಟಲಿಲ್ಲ. ಮಾವಿನ ಕಸಿ ಕಟ್ಟಲು ಕೂತ. ಅಷ್ಟರಲ್ಲಿ ಚೆಂಡಿಯಾ ಎಂಬ ಊರಿನ ನಮ್ಮ ಮನೆ, ಹಿತ್ತಲು ನೌಕಾನೆಲೆಯ ಜಾಗಕ್ಕೆ ಹೋಗಿ, ನಾವು ಹೆದ್ದಾರಿಯ ಪಕ್ಕದ ಕಾಲನಿಯ ಮನೆಗೆ ಬಂದಿದ್ದೆವು. ಸಿಮೆಂಟಿನ ವಾಸನೆ ಹೋಗಿರದ, ಅಂಗಳದಲ್ಲಿ ನೆರಳೇ ಇಲ್ಲದ ಮನೆ ಅದು. ಅದರ ಜಗಲಿಯ ಉದ್ದಕ್ಕೂ ಕಾಟು ಮಾವಿನ ಸಸಿಗಳ ಚೀಲಗಳು ಸಾಲಾಗಿ ನಿಂತವು. ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಪಟ್ಟಿ ಕತ್ತರಿಸಿ, ಕಡ್ಡಿಯನ್ನು ಸಸಿಯ ಸೀಳಿಗೆ ಕೂರಿಸಿ, ಗಾಯಕ್ಕೆ ಸುತ್ತುವಂತೆ ಸುತ್ತುತ್ತಿದ್ದ. ಒಳ್ಳೆಯ ಮರದ ಕಡ್ಡಿಗಳು ಎಲ್ಲಿಂದ ಬರುತ್ತಿದ್ದವು ಎಂಬುದೇ ಮನೆಯ ದೊಡ್ಡ ಅನುಮಾನ. ಸಂಜೆ ತಿರುಗಾಟಕ್ಕೆ ಹೋದವನು ಮಡಚಿದ ಕೊಡೆಯೊಳಗೆ ಅವನ್ನು ಅಡಗಿಸಿ ತರುತ್ತಿದ್ದ. ಕೇಳಿ ತಂದ ಕಡ್ಡಿ ಹಿಡಿಯುವುದಿಲ್ಲ, ಕದ್ದದ್ದೇ ಚಿಗುರುವುದು ಎಂಬ ನಂಬಿಕೆ ಅವನದು.

"ಮಾಸ್ತರ್ಕಿ ಮಾಡಿದವ್ರು ಊರವ್ರ ಹಿತ್ಲು ಹೊಕ್ತ್ರು. ಇದಕ್ಕೂ ಪಿಂಚಣಿ ಉಂಟೇನು?" ಎಂದು ಅಜ್ಜಿ ಅವನ ಅಂಗಿ ಒಗೆಯಲು ತೆಗೆದುಕೊಳ್ಳುವಾಗ ಒಮ್ಮೆ ಮೂಸಿ, ಯಾರ ಹಿತ್ತಲಿರಬಹುದೆಂದು ಲೆಕ್ಕ ಹಾಕುತ್ತಿದ್ದಳು.

ಒಂದು ಮಳೆಗಾಲದ ಆರಂಭದಲ್ಲಿ ಅಜ್ಜ ಕೊಡೆಯಿಂದ ಕಡ್ಡಿಗಳನ್ನು ತೆಗೆದು, ಇವು ನಮ್ಮ ಹಳೆಯ ಮನೆಯ ಮರದವು ಎಂದ. ಮನೆ ಕಳೆದುಕೊಂಡವರು ನಿಮ್ಮಲ್ಲಿದ್ದರೆ ಬಲ್ಲಿರಿ, ಗೋಡೆಗಿಂತ ಮೊದಲು ನೆನಪಾಗುವುದು ಹಿತ್ತಲು. ಚೆಂಡಿಯಾದ ಬಾವಿಯ ಪಕ್ಕದ ಆ ಇಶಾಡ ಮರ ಅಜ್ಜಿಯ ತವರಿನಿಂದ ಬಂದದ್ದು. ಅವಳ ಮದುವೆಯ ವರ್ಷ ಅವಳ ಅಪ್ಪ ಅಂಕೋಲೆಯಿಂದ ಸಸಿ ಹೊತ್ತು ತಂದು ತನ್ನ ಕೈಯಾರೆ ನೆಟ್ಟಿದ್ದನಂತೆ. ಆ ಅಪ್ಪನೂ ಇರಲಿಲ್ಲ, ತವರಿನ ಹಿತ್ತಲೂ ಬೇರೆಯವರ ಪಾಲಾಗಿತ್ತು. ಕಡ್ಡಿ ನಿಜವಾಗಿಯೂ ಆ ಮರದ್ದೇ ಆಗಿದ್ದರೆ ಅವಳಿಗೆ ಉಳಿದದ್ದು ಅದೊಂದೇ. ಹಾಗಾಗಿಯೇ ಇರಬೇಕು, ಅವಳು ಸುಲಭಕ್ಕೆ ನಂಬಲೊಲ್ಲದೆ ಹೋದಳು.

"ಬೇಲಿ ಹಾಕಿ ಆಯ್ತು, ಕಾವಲಿನವ್ರು ನಿಂತ್ರು. ನಿಮ್ಗೆ ಯಾರು ಬಾಗ್ಲು ತೆಗ್ದ್ರು?"

"ಹಣ್ಣಾಗ್ಲಿ. ತಿಂದು ನೀನೇ ಹೇಳು."

"ಹೇಳ್ತೆ. ನಮ್ಮ ಹಣ್ಣಿಗೊಂದು ಗುರ್ತುಂಟು, ನಂಗೆ ಮಾತ್ರ ಗೊತ್ತು. ಈಗ್ಲೇ ಹೇಳಿದ್ರೆ ನೀವು ಅದನ್ನೂ ಕಸಿ ಕಟ್ತ್ರಿ."

ಒಂದೇ ಒಂದು ಕಡ್ಡಿ ಹಿಡಿಯಿತು. ಅದನ್ನು ಅಂಗಳದ ಮೂಲೆಯಲ್ಲಿ ನೆಟ್ಟರು. ಅಜ್ಜ ಎದುರಿಗಿದ್ದಾಗ ಅಜ್ಜಿ ಅದರತ್ತ ಕಣ್ಣೆತ್ತುತ್ತಿರಲಿಲ್ಲ. ಅವನು ಮರೆಯಾದೊಡನೆ ಅಕ್ಕಿ ತೊಳೆದ ನೀರು ಬುಡಕ್ಕೆ ಬೀಳುತ್ತಿತ್ತು. ಕೆಲವು ಮಳೆಗಾಲ ಕಳೆದು ಮೊದಲ ಹಣ್ಣಾದಾಗ ಅವಳು ಅದನ್ನು ಅಡುಗೆಮನೆಗೆ ಒಯ್ದು, ಗೋಡೆಯ ಕಡೆ ಮುಖ ಮಾಡಿ ಒಬ್ಬಳೇ ತಿಂದಳು. ಅಜ್ಜ ಜಗಲಿಯಲ್ಲಿ, ಆಗಲೇ ಹರಿತವಾಗಿದ್ದ ಚೂರಿಯನ್ನು ಮತ್ತೆ ಮಸೆಯುತ್ತ ಕೂತಿದ್ದ. ಅವಳು ಕೈ ತೊಳೆದು ಬಂದು, ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

"ಬರೂ ಮಳೆಗೆ ಇದ್ರದ್ದೊಂದು ಕಟ್ಟಿ."

"ಕೇಳಿದ್ರೆ ಹಿಡಿಯೂದಿಲ್ವೇ."

"ಹಾಂಗಾರೆ ಕದೀರಿ. ನಾ ಆಚೆ ನೋಡ್ತೆ."

ಇದನ್ನು ನಾನು ಕಣ್ಣಾರೆ ಕಂಡೆನೆಂದು ಬಹಳ ವರ್ಷ ನಂಬಿದ್ದೆ. ಆಯಿ, ಅಂದರೆ ನನ್ನ ಅಮ್ಮ, ಒಪ್ಪುವುದಿಲ್ಲ. ಆ ಬೇಸಿಗೆಯೆಲ್ಲ ನಾನು ರಾಮನಗುಳಿಯ ಸೋದರತ್ತೆಯ ಮನೆಯಲ್ಲಿದ್ದೆನಂತೆ. ಅಜ್ಜಿ ಹಣ್ಣು ತಿಂದು "ಹುಳಿ" ಎಂದಷ್ಟೇ ಹೇಳಿ ಒಳಗೆ ಹೋದಳಂತೆ. ಹಾಗಾದರೆ ಚೂರಿ ಮಸೆಯುವ ಸದ್ದು ನನ್ನ ಕಿವಿಗೆ ಎಲ್ಲಿಂದ ಬಂತು? ಯಾರೋ ಹೇಳಿದ್ದನ್ನು ಕೇಳಿ, ನೋಡಿದೆನೆಂದು ಮಾಡಿಕೊಂಡಿರಬಹುದು. ನನ್ನಂತೆ ದಿನಚರಿ ಬರೆಯುವವರಿಗೆ ಈ ಚಟ ಸುಲಭವಾಗಿ ಹತ್ತುತ್ತದೆ.

ಎರಡನೆಯ ಕಸಿ ಚಿಗುರುವ ಮೊದಲೇ ಅಜ್ಜ ತೀರಿಕೊಂಡ. ಹೆದ್ದಾರಿ ಅಗಲವಾದಾಗ ಜಗಲಿ, ಅಂಗಳ, ಮರ ಎಲ್ಲವೂ ಹೋದವು. ಈಗ ಅಲ್ಲಿ ಬಸ್ಸು ವೇಗ ತಗ್ಗಿಸುವುದೂ ಇಲ್ಲ. ಅಜ್ಜಿ ಕೊನೆಯ ವರ್ಷಗಳನ್ನು ಕಾರವಾರದಲ್ಲಿ ಆಯಿಯ ಮನೆಯಲ್ಲಿ ಕಳೆದಳು. ಒಂದು ಮಧ್ಯಾಹ್ನ, ಅವಳು ಕಿಟಕಿಯ ಹತ್ತಿರ ಒರಗಿ ಕೂತಿದ್ದಾಗ, ನಮ್ಮ ಮರದ ಹಣ್ಣಿಗೆ ಇದ್ದ ಗುರುತು ಏನೆಂದು ಕೇಳಿದೆ.

"ಎಂತಾ ಗುರ್ತು?" ಎಂದಳು.

ಮರೆತಿದ್ದಳೋ, ಅಂಥದೊಂದು ಇರಲೇ ಇಲ್ಲವೋ. ಆಮೇಲೆ ಅವಳೇ, ನನ್ನ ಕಡೆ ನೋಡದೆ ಮಾತಾಡಿದಳು: "ನಿಮ್ಮಜ್ಜ ಬೇಲಿ ದಾಟಿದ್ದು ಖರೇ, ಮಗಾ. ಪಂಚೆ ತಂತಿಗೆ ಸಿಕ್ಕು ಇಷ್ಟುದ್ದ ಹರ್ದಿತ್ತು. ಕೇಳೂದು ಬೇಡಾ ಅಂದೇಳಿ ಹೊಲ್ದು ಮಡ್ಚಿ ಇಟ್ಟೆ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಯಿ ಬಂದ ಮೇಲೂ, ಆ ಪಂಚೆಯ ಮಾತು ಖರೆಯೇ ಎಂದು ನಾನು ಅವಳನ್ನು ಕೇಳಿ ನೋಡಲಿಲ್ಲ. ಈವರೆಗೂ ಕೇಳಿಲ್ಲ.