ಬಚ್ಚಲ ಮನೆಯ ಅಳಿಯ

ಮೊದಲೇ ಹೇಳಿಬಿಡುತ್ತೇನೆ: ಕಪ್ಪೆಗಳ ಮದುವೆ ಮಾಡಿದ್ದರಿಂದ ಮಳೆ ಬರಲಿಲ್ಲ. ಮದುಮಗಳು ಹೆಣ್ಣೋ ಗಂಡೋ ಎಂಬುದು ಇವತ್ತಿಗೂ ಊರಲ್ಲಿ ಯಾರಿಗೂ ಗೊತ್ತಿಲ್ಲ. ಉಪ್ಪಿಟ್ಟು ಮಾತ್ರ ಖಾಲಿಯಾಯಿತು.

ಈಗ ಗದ್ದೆಯ ಕಡೆಯಿಂದ ಎಣ್ಣೆಯ ಘಾಟು ಬರುತ್ತಿದೆ, ಅದಕ್ಕೇ ನೆನಪಾಯಿತು ನೋಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಭತ್ತದ ಹುಳಕ್ಕೆ ಹೊಡೆಯುವ ಔಷಧ. ನಮ್ಮ ತುರ್ವಿಹಾಳದಲ್ಲಿ ಆ ವಿಷಕ್ಕೂ ಎಣ್ಣೆ ಎಂದೇ ಅನ್ನುವುದು. ನನ್ನ ಮಗನೂ ಹೊಡೆಯುತ್ತಾನೆ. ಹೊಡೆಯದಿದ್ದರೆ ಬೆಳೆಯನ್ನು ಹುಳ ತಿನ್ನುತ್ತದೆ, ಹೊಡೆದರೆ ಎಣ್ಣೆಯನ್ನು ನಾವು ತಿನ್ನುತ್ತೇವೆ. ಅದೇ ಅನ್ನ ಉಣ್ಣುವವಳು, ನಾನೇನು ಹೆಚ್ಚು ಮಾತಾಡಲಿ?

ಪರಿಸರ ಕೆಟ್ಟಿತು ಎಂದು ಟಿವಿಯವರು ಹೇಳುವ ಮೊದಲೇ ನನಗೆ ತಿಳಿದಿತ್ತು. ಸೊಸೆಯಾಗಿ ಬಂದ ಹೊಸದರಲ್ಲಿ, ಕಾಲುವೆಗೆ ನೀರು ಬಿಟ್ಟರೆ ಸಾಕು, ಕಪ್ಪೆಗಳ ಗದ್ದಲದಲ್ಲಿ ಅತ್ತೆ ಬೈದದ್ದೇ ಕೇಳಿಸುತ್ತಿರಲಿಲ್ಲ. ಅದೊಂದು ಸುಖ. ವರ್ಷ ಕಳೆದಂತೆ ಗದ್ದೆಗಳು ಸುಮ್ಮನಾದವು, ಅತ್ತೆಯ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳತೊಡಗಿತು.

ಕೊನೆಗೆ ಉಳಿದದ್ದು ಒಂದೇ ಕಪ್ಪೆ, ನನ್ನ ಬಚ್ಚಲಲ್ಲಿ. ನೀರಿನ ಹರವಿಯ ಹಿಂದೆ ತಂಪಿಗೆ ಕೂತಿರುತ್ತಿತ್ತು. ನಾನು ಮೊದಲ ಚೊಂಬು ಸುರಿದುಕೊಂಡ ಕೂಡಲೇ ‘ವಟರ್’ ಅನ್ನುತ್ತಿತ್ತು. ದಿನಕ್ಕೆ ಅಷ್ಟು ಮಾತು ನನಗೆ ಸಾಕು. ಸೊಸೆ ಫಿನಾಯಿಲ್ ತಂದರೆ ಬಾಟಲಿ ಬಚ್ಚಿಡುತ್ತಿದ್ದೆ.

ಹೋದ ವರ್ಷ ನಾಟಿ ಮುಗಿದ ಮೇಲೆ ಮಳೆ ಕೈಕೊಟ್ಟಿತು. ಕಾಲುವೆಯ ನೀರೂ ತೆವಳುತ್ತ ಬಂತು. ಕಪ್ಪೆ ಮದುವೆ ಮಾಡಿದರೆ ಮಳೆಯಾಗುತ್ತದೆ ಎಂದು ಹಿರಿಯರು ಕೂತು ತೀರ್ಮಾನಿಸಿದರು. ಮದುವೆ ಮಾಡಲು ಊರಲ್ಲಿ ಕಪ್ಪೆಯೇ ಇಲ್ಲ! ಇದಕ್ಕೆಲ್ಲ ಮುಂದಾಳು ಅಮರಪ್ಪ. ಗುರುಗುಂಟಾದವನು, ಇಲ್ಲಿ ಹೆಂಡತಿಯ ತವರುಮನೆಯಲ್ಲೇ ಇದ್ದಾನೆ. ಆ ಒಣ ಊರಿನ ಬಾವಿಯಲ್ಲಿ ಅವನಿಗೊಂದು ಕಪ್ಪೆ ಸಿಕ್ಕಿತು. ನೀರಾವರಿ ಊರಿನವರು ನಾವು ಕಪ್ಪೆಗಾಗಿ ಗುರುಗುಂಟಾಕ್ಕೆ ಹೋಗಬೇಕಾಯಿತು, ನಾಚಿಕೆಗೇಡು. ಅದನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಅಮರಪ್ಪ ಬಸ್ಸು ಹತ್ತಿದ್ದಾನೆ.

“ಡಬ್ಬ್ಯಾಗ ಏನ್ರೀ ಅದು, ಕುಣ್ಯಾಕತ್ತೈತಿ?” ಎಂದನಂತೆ ಕಂಡಕ್ಟರ್.

“ಮದುಮಗ ರೀ.”

“ಮದುಮಗಗ ಟಿಕೀಟು?”

“ಇನ್ನಾ ಕೂಸು ರೀ, ಅರ್ಧಾನೂ ಹತ್ತಂಗಿಲ್ಲ.”

“ಕೂಸಿಗೆ ಮದುವಿ ಮಾಡ್ತೀರೇನು? ಪೊಲೀಸರಿಗೆ ಹೇಳ್ಲ್ಯಾ?”

ನನ್ನ ಬಚ್ಚಲಿನ ಸುದ್ದಿಯನ್ನು ಪಕ್ಕದ ಮನೆಯ ಖಾಜಾಬಿ ಬಾಯಿ ಬಿಟ್ಟಿದ್ದಳು. ಅಮರಪ್ಪ ಎಲೆ ಅಡಿಕೆ ಹಿಡಿದು ನಾಲ್ಕು ಮಂದಿಯ ಜೊತೆ ಬಂದ.

“ಯವ್ವಾ, ಹೆಣ್ಣು ಕೇಳಾಕ ಬಂದೀವಿ.”

“ಹುಡುಗಗ ಆಸ್ತಿ ಏನೈತಿ?”

“ಸ್ವಂತ ಬಾವಿ ಐತಿ.”

ಊರ ಕೆಲಸ, ಇಲ್ಲ ಅನ್ನಲು ಬರಲಿಲ್ಲ. ನನ್ನ ಕಪ್ಪೆಯನ್ನು ಕೊಡದಲ್ಲಿ ಕೂರಿಸಿಕೊಂಡು ನಾನೇ ಹೋದೆ. ಅರಿಷಿಣವನ್ನು ಮಾತ್ರ ಅದರ ಮೈಗೆ ಮುಟ್ಟಿಸಗೊಡಲಿಲ್ಲ, ಕೊಡದ ಮೈಗೆ ಹಚ್ಚಿಸಿದೆ. ಅಕ್ಷತೆ ಬಿತ್ತು. ಜೋಡಿಯನ್ನು ಗದ್ದೆಗೆ ಬಿಡುವುದು ಪದ್ಧತಿ. ಡೊಳ್ಳು ಬಡಿಯುತ್ತ ಎಲ್ಲರೂ ಬದುವಿಗೆ ಬಂದೆವು. ಘಾಟು ಮೂಗಿಗೆ ಹೊಡೆಯಿತು. ಬೆಳಿಗ್ಗೆಯಷ್ಟೇ ಎಣ್ಣೆ ಬಿದ್ದಿತ್ತು. ಗದ್ದೆ ನಮ್ಮದೇ, ಹೊಡೆದವನು ನನ್ನ ಮಗನೇ.

ಕೊಡದ ಬಾಯಿಗೆ ಕೈ ಮುಚ್ಚಿ ನಿಂತೆ. “ಬಿಡಂಗಿಲ್ಲ. ಇದರಾಗ ಬಿಟ್ರ ಸಂಜಿಮಟ ಉಳಿಯಂಗಿಲ್ಲ.”

“ಪದ್ಧತಿ ಐತಿ, ಯವ್ವಾ!”

“ಇನ್ನೊಂದು ಪದ್ಧತೀನೂ ಐತಿ. ಅಳಿಯ ನಮ್ಮ ಮನ್ಯಾಗ ಇರ್ತಾನ.”

ಅಮರಪ್ಪನ ಮೀಸೆ ಅದುರಿತು. “ನಮ್ಮ ಹುಡುಗ ಮನಿ ಅಳಿಯ ಆಗ್ಬೇಕಾ? ಗುರುಗುಂಟಾದ ಮರ್ಯಾದಿ ಏನಾತು?”

ಮಳೆಯನ್ನು ಎಲ್ಲರೂ ಮರೆತರು. ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಬದುವಿನ ಮೇಲೆ ಎರಡು ಗುಂಪಾಯಿತು. ಯಾರ ಕಡೆ ನಿಲ್ಲಬೇಕೆಂದು ತಿಳಿಯದೆ ಡೊಳ್ಳಿನವನು ಕೆಸರಿಗಿಳಿದ. ನನ್ನ ಮಗ ನನ್ನ ಮುಖ ನೋಡದೆ ಬಂದು ಹೆಣ್ಣಿನ ಕಡೆ ನಿಂತ.

ಆಗ ಖಾಜಾಬಿ ಕೇಳಿದಳು: “ಅಮರಣ್ಣ, ನೀ ಯಾರ ಮನ್ಯಾಗ ಉಣ್ಣಾಕತ್ತೀಯಪ್ಪಾ?”

ಅವನ ಅತ್ತೆ ಗುಂಪಿನಲ್ಲೇ ಇದ್ದಳು. ಕೆಮ್ಮಿದಳು.

“ಮನಿ ಅಳಿಯ ಅಂದ್ರ ಕಮ್ಮಿ ಏನಲ್ಲ ಬಿಡ್ರಿ,” ಎಂದು ಅಮರಪ್ಪ ಡಬ್ಬಿಯನ್ನು ನನ್ನ ಕೈಗಿಟ್ಟ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಕೂತು ಮೊದಲ ಚೊಂಬು ಸುರಿದುಕೊಂಡೆ. ಹರವಿಯ ಹಿಂದಿನಿಂದ ‘ವಟರ್’ ಎಂದಿತು. ಅದರ ಬೆನ್ನಿಗೇ ಇನ್ನೊಂದು ದನಿ, ದಪ್ಪನೆಯದು. ಆಗ ಎಚ್ಚರವಾಯಿತು ನನಗೆ. ನಮ್ಮ ಕಡೆ ಅಳಿಯನ ಎದುರು ಅತ್ತೆ ಬರಿದಲೆಯಲ್ಲಿ ಇರುವುದಿಲ್ಲ. ಗೂಟದ ಮೇಲಿನ ಸೀರೆ ಎಳೆದು ತಲೆತುಂಬ ಸೆರಗು ಹೊದ್ದೆ, ಗೋಡೆಗೆ ಮುಖ ಮಾಡಿ ಕೂತೆ, ಎರಡನೇ ಚೊಂಬು ಸುರಿದುಕೊಂಡೆ.