ಹಾಡು ಎತ್ತುವವರು ಯಾರು?

ಹಾಡಲು ಬಾರದವನ ಜೇಬಿನಲ್ಲಿ ಜ್ಯೇಷ್ಠಮಧುವಿನ ತುಂಡು ಏಕೆ ಎಂದು ನನ್ನ ಹೆಂಡತಿ ಕೇಳುತ್ತಲೇ ಇರುತ್ತಾಳೆ. ಇರಬೇಕು ಸ್ವಾಮಿ. ಜೀವನ್ ಬಿಮಾ ನಗರದ ನಮ್ಮ ಕಾರ್ಮಿಕ ಗಾಯನ ತಂಡದಲ್ಲಿ ಇಪ್ಪತ್ತು ವರ್ಷಗಳಿಂದ ಬಾಯಿ ತೆರೆಯುತ್ತಿದ್ದೇನೆ. ದನಿ ತೆರೆದಿದ್ದೇನೆಂದು ಆಣೆ ಮಾಡಿ ಹೇಳಲಾರೆ. ಸಮೂಹಗಾನದ ದೊಡ್ಡ ಗುಣವೇ ಅದು: ಕ್ರಾಂತಿಯೂ ಆಗಬೇಕು, ಶ್ರುತಿ ತಪ್ಪಿದವನು ಯಾರೆಂದೂ ತಿಳಿಯಬಾರದು.

ಈ ಹಾಡುಗಳು ಗಿರಣಿಗಳ ಗೇಟಿನ ಮುಂದೆ ಹುಟ್ಟಿ, ಹಲಸೂರಿನ ತಮಿಳು ಧಾಟಿಯನ್ನೂ ಶಿವಾಜಿನಗರದ ಉರ್ದು ಮಾತನ್ನೂ ಮೈಗಂಟಿಸಿಕೊಂಡು ಬಂದವು. ಗಿರಣಿಗಳು ಮುಚ್ಚಿದ ಮೇಲೆ ನಮ್ಮಂಥ ಪಿಂಚಣಿದಾರರ ಪಾಲಾದವು. ಸಮಾನತೆಯ ತಂಡದಲ್ಲಿ ಮುಂದಾಳು ಗಾಯಕರಿರಕೂಡದು ಎಂಬ ನೇಮವನ್ನು ನಾವು ಸೇರಿಸಿದೆವು. ಎಲ್ಲರೂ ಒಟ್ಟಿಗೆ ಶುರುಮಾಡಲು ಒಂದು, ಎರಡು ಎಂದು ಎಣಿಸುವವರು ಯಾರೆಂದು ಎರಡು ಸಭೆ ನಡೆಸಿ, ಎಣಿಸುವುದನ್ನೂ ಎಲ್ಲರೂ ಸೇರಿಯೇ ಮಾಡುವುದೆಂದು ತೀರ್ಮಾನಿಸಿದ ಮಹಾನುಭಾವರು ನಾವು.

ಇಂಥಲ್ಲಿಗೆ ಶರಣಮ್ಮ ಬಂದಳು. ಕಲಬುರಗಿ ಕಡೆಯವಳು, ಕಗ್ಗದಾಸಪುರದ ಬಾಡಿಗೆ ಕೋಣೆಯಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುವವಳು. ಅವಳು ಬಾಯಿ ತೆರೆದದ್ದೇ ನಮ್ಮೆಲ್ಲರ ಬಂಡವಾಳ ಬಯಲಾಯಿತು, ಎಲ್ಲರಿಗಿಂತ ಹೆಚ್ಚು ನನ್ನದು. ಸಮೂಹದಲ್ಲಿ ಒಂದೇ ದನಿ ಎದ್ದು ಕಾಣಬಾರದಮ್ಮ, ಸಣ್ಣಗೆ ಹಾಡು ಎಂದು ಸಿದ್ಧಾಂತ ಹೇಳಿದೆ. ಶುದ್ಧ ಹೊಟ್ಟೆಕಿಚ್ಚು, ಇನ್ನೇನಲ್ಲ. ಅಂದಿನಿಂದ ಅವಳು ಬರಿದೆ ಗುನುಗುತ್ತಿದ್ದಳು. ಅಭ್ಯಾಸದಲ್ಲಿ ನಾವೆಲ್ಲ ನಮಗೇ ಅರಿವಿಲ್ಲದೆ ಆ ಗುನುಗಿನ ಬೆನ್ನು ಹಿಡಿಯುತ್ತಿದ್ದೆವು. ಬರುವ ಮೇ ದಿನದ ಹಾಡು ಮುಗಿಸಿ ಅವಳು ತಂಡ ಬಿಡುತ್ತಾಳಂತೆ ಎಂಬ ಸುದ್ದಿ ಬಂತು. ಓಡಿಸುತ್ತಿರುವವನು ನಾನೇ ಎಂದು ಗೊತ್ತಿದ್ದರೂ ಕ್ಷಮೆ ಕೇಳಲು ನಾಲಗೆ ಏಳಲಿಲ್ಲ.

ಮೇ ದಿನ ಶಿವಾಜಿನಗರದ ಬಸ್ ನಿಲ್ದಾಣದ ಬಳಿ ಸಾಲಾಗಿ ನಿಂತು, ಎಲ್ಲರೂ ಸೇರಿ ಮೂರರವರೆಗೆ ಎಣಿಸಿದೆವು. ಯಾರೂ ಹಾಡಲಿಲ್ಲ. ಬಸ್ಸುಗಳ ಗದ್ದಲದಲ್ಲಿ ಶರಣಮ್ಮನ ಗುನುಗು ಯಾರಿಗೂ ಕೇಳಿಸಿರಲಿಲ್ಲ. ಮತ್ತೆ ಎಣಿಸಿದೆವು, ಮತ್ತೆ ಮೌನ. ಎದುರಿನ ಹೂವಿನವಳು ಸೆರಗು ಬಾಯಿಗಿಟ್ಟು ನಕ್ಕಳು.

"ನನ್ನದು ತಪ್ಪಾಯ್ತಮ್ಮ. ಜೋರಾಗೇ ಹಾಡು" ಎಂದೆ ಶರಣಮ್ಮನಿಗೆ.

"ನಮ್ ಹೊಲದಾಗ ಒಬ್ಬಾಕಿ ಎತ್ತತಾಳ್ರೀ, ಉಳದೋರು ಹಿಡೀತಾರ. ಎತ್ತಿದಾಕಿ ಏನ್ ದೊಡ್ಡಾಕಿ ಅಲ್ಲ. ಆಕಿಗಿ ದಮ್ಮು ಹತ್ತಿದ್ರ ಮತ್ತೊಬ್ಬರು ಎತ್ತಬೇಕು. ನೀವು ಎತ್ತತೀರೇನು?"

ಹೂಂ ಎಂದೆ. ಆ ಹೊತ್ತಿನಲ್ಲಿ ಯಾವುದಕ್ಕಾದರೂ ಹೂಂ ಎನ್ನುತ್ತಿದ್ದೆ.

ಅವಳು ಎತ್ತಿದಳು, ಬಸ್ಸಿಗೆ ಓಡುತ್ತಿದ್ದವರೂ ನಿಂತರು. ಎರಡು ಚರಣ ಮುಗಿದದ್ದೇ ಥಟ್ಟನೆ ನಿಲ್ಲಿಸಿ ನನ್ನ ಕಡೆ ಕೈ ಚಾಚಿದಳು. ಅವಳಿಗೆ ದಮ್ಮು ಹತ್ತಿರಲಿಲ್ಲ ಗೆಳೆಯರೇ, ನಾನು ಕೊಟ್ಟ ಮಾತಿಗೆ ಎಷ್ಟು ಬೆಲೆಯಿದೆಯೆಂದು ನೋಡುತ್ತಿದ್ದಳು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿ ನಾನೊಬ್ಬನೇ ಒಂದು ಸಾಲು ಹಾಡಿದೆ. ಶ್ರುತಿ ಹಲಸೂರಿನ ಕಡೆ ಹೋಯಿತು, ತಾಳ ಕೆ.ಆರ್. ಪುರದ ಕಡೆ. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೆ. ನನ್ನ ಆ ಸಾಲನ್ನು ಎಲ್ಲರಿಗಿಂತ ಮೊದಲು ಹಿಡಿದದ್ದು ಶರಣಮ್ಮ, ಗಂಟಲು ಬಿಟ್ಟು.