ಹತ್ತೊಂಬತ್ತರ ಮಗ್ಗಿ ಮತ್ತು ಒಂದು ಬಕೆಟ್ ನೀರು

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ಬಚ್ಚಲಮನೆಯ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಬಲಗೈ ತೋರುಬೆರಳನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸುತ್ತ ಅವರು ಮಗ್ಗಿ ಹೇಳುತ್ತಿದ್ದರು. "ಹತ್ತೊಂಬತ್ತೊಂದ್ಲ ಹತ್ತೊಂಬತ್ತು, ಹತ್ತೊಂಬತ್ತೆರಡ್ಲ ಮೂವತ್ತೆಂಟು..." ನಲ್ಲಿಯ ಕೆಳಗೆ ಅವರೇ ತಂದಿಟ್ಟ ಸಣ್ಣ ಸ್ಟೀಲ್ ಬಕೆಟ್. ಎಷ್ಟು ವರ್ಷ ಸೀಮೆಸುಣ್ಣ ಹಿಡಿದಿದ್ದರೋ ಏನೋ, ಆ ಬೆರಳಿನ ಉಗುರಿನ ಸುತ್ತ ಚರ್ಮ ಬಿಳಿಚಿ ಒಡೆದಿರುತ್ತಿತ್ತು.

ಅವರು ನಮ್ಮ ಓನರ್ ಆಂಟಿ. ಬಸವೇಶ್ವರನಗರದ ಆ ಹಳೆಯ ಮನೆಯಲ್ಲಿ ಕೆಳಗೆ ಅವರೊಬ್ಬರೇ, ಮೇಲಿನ ಪೋರ್ಷನ್ನಿನಲ್ಲಿ ನಾನು ಮತ್ತು ಅಮ್ಮ. ಪ್ರೈಮರಿ ಸ್ಕೂಲ್ ಟೀಚರಾಗಿ ರಿಟೈರಾದವರು. ಸ್ಕೂಲು ಅವರನ್ನು ಬಿಟ್ಟಿತ್ತು, ಅವರು ಸ್ಕೂಲನ್ನು ಬಿಟ್ಟಿರಲಿಲ್ಲ. ಗೇಟಿನ ಚಿಲಕ ಹಾಕದೆ ಒಳಗೆ ಬಂದರೆ ಮುಗಿಯಿತು: "ವಾಪಸ್ ಹೋಗಿ, ಸರಿಯಾಗಿ ಬಾಮ್ಮ." ಕೊರಿಯರಿನವರಿಗೂ ಅದೇ ಶಿಕ್ಷೆ.

ಆ ವರ್ಷ ನನಗೆ ಯಾವುದಕ್ಕೂ ತ್ರಾಣವಿರಲಿಲ್ಲ. ಅಮ್ಮನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿದ್ದವು. ಬೆಳಿಗ್ಗೆ ಅಡುಗೆ, ಅಮ್ಮನ ಆರೈಕೆ ಮುಗಿಸಿ ಮೂಡಲಪಾಳ್ಯದ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತರೆ, ಬಂದ ರೋಗಿಗಳಿಗಿಂತ ನಾನೇ ಹೆಚ್ಚು ರೋಗಿಷ್ಠಳಂತೆ ಕಾಣುತ್ತಿದ್ದೆನಂತೆ. ಅಷ್ಟರಲ್ಲಿ ಬೋರ್‌ವೆಲ್ ನೀರಿನ ಉಪ್ಪು ತಿಂದು ತಿಂದು ಹಳೆಯ ಕರೆಂಟ್ ಗೀಸರ್ ತೂತಾಯಿತು. ಒಲೆಯ ಮೇಲೆ ಕಾಯಿಸಿ ಕೊಟ್ಟರೆ ಅಮ್ಮ ಎಡಗೈಯಲ್ಲಿ ನಿಧಾನಕ್ಕೆ ಹಾಕಿಕೊಳ್ಳುವಷ್ಟರಲ್ಲಿ ನೀರು ತಣ್ಣಗಾಗುತ್ತಿತ್ತು. ನಾನೇ ಮಾಡಿಸುತ್ತೇನೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಬೇರೆಲ್ಲಾ ನಿನ್ ಕೈಲೇ ಆಗ್ತಿದೆ. ಸ್ನಾನ ಒಂದಾದ್ರೂ ನಾನೇ ಮಾಡ್ಕೋತೀನಿ, ಬಿಡೇ," ಎಂದು ಒಳಗಿನಿಂದ ಹೇಳಿದಾಗ ನನಗೆ ಅಳುವೇ ಬಂದಿತ್ತು. ಅವಳಿಗೆ ಬೇಕಾಗಿದ್ದುದು ಇಷ್ಟೇ: ಎಷ್ಟು ಹೊತ್ತಾದರೂ ನಿಲ್ಲದೆ ಬರುವ ಬಿಸಿನೀರು. ಗ್ಯಾಸ್ ಗೀಸರ್ ಹಾಕಿಸೋಣ ಎಂದುಕೊಂಡೆ.

ಗೀಸರ್ ಅಂಗಡಿಯವನು ಬಂದು ನಲ್ಲಿ ತಿರುಗಿಸಿ ನೋಡಿ ಮೂಗು ಮುರಿದ. ಮೇಲಿನ ಪೋರ್ಷನ್ನು ಟ್ಯಾಂಕಿನ ಕಾಲಬುಡದಲ್ಲೇ ಇರುವುದರಿಂದ ನೀರಿಗೆ ರಭಸವಿಲ್ಲ. "ಫ್ಲೋ ಇಲ್ದಿದ್ರೆ ಉರಿ ಹತ್ತಲ್ಲ ಮೇಡಂ. ಪ್ರೆಷರ್ ಪಂಪ್ ಹಾಕ್ಸಿ." ಆಂಟಿ ಬಾಗಿಲಲ್ಲೇ ನಿಂತಿದ್ದರು. "ನಮ್ಮ ಯಜಮಾನ್ರು ಇದ್ದಾಗ ಹಾಕ್ಸಿದ ಪೈಪು. ಪಂಪ್ ಹೊಡೆತಕ್ಕೆ ಗೋಡೆ ಒಳಗೇ ಒಡ್ಕೊಂಡ್ರೆ ಯಾರಪ್ಪಾ ನೋಡೋರು? ನೀರು ಸಾಕಾ ಇಲ್ವಾ ನಾನೇ ಪರೀಕ್ಷೆ ಮಾಡಿ ಹೇಳ್ತೀನಿ," ಎಂದರು. ಹಾಗೆ ಶುರುವಾಯಿತು ಮಗ್ಗಿ.

"ಮೊಬೈಲಲ್ಲಿ ಟೈಮರ್ ಇದೆಯಲ್ಲಾ ಆಂಟಿ."

"ನೀರಿನ ಹತ್ರ ಮೊಬೈಲ್ ಯಾಕೆ? ಮಗ್ಗಿಗೆ ಚಾರ್ಜ್ ಹಾಕ್ಬೇಕಾ?"

ಹತ್ತೊಂಬತ್ತು ಹತ್ಲ ನೂರಾ ತೊಂಬತ್ತು ಅನ್ನುವಷ್ಟರಲ್ಲಿ ಆ ಬಕೆಟ್ ತುಂಬಿದರೆ ಪಾಸು. ಯಾವ ಲೆಕ್ಕದ ಮೇಲೆ ಹಾಗಂದರೋ ದೇವರೇ ಬಲ್ಲ. ಮೂರು ದಿನ ಬೆಳಿಗ್ಗೆ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅಮ್ಮ ಹಾಸಿಗೆಯಲ್ಲೇ ಕೂತು ಅವರ ಜೊತೆ ತಾನೂ ತೊದಲುತ್ತ ಹೇಳುತ್ತಿದ್ದಳು. ಲಕ್ವ ಹೊಡೆದ ಮೇಲೆ ಅವಳು ಅಷ್ಟು ಉದ್ದಕ್ಕೆ ಮಾತಾಡಿದ್ದು ಅದೇ ಮೊದಲು. ಮೂರು ದಿನವೂ ಬಕೆಟ್ ತುಂಬಿತು. "ಫಸ್ಟ್ ಕ್ಲಾಸ್! ಹಾಕ್ಸಮ್ಮ," ಎಂದರು. ಬಾಲ್ಕನಿಯ ಗೋಡೆಗೆ ಗೀಸರ್ ಬಂತು.

ಮೊದಲ ದಿನ ಅಮ್ಮ ಸ್ಟೂಲಿನ ಮೇಲೆ ಕೂತು, ತಲೆಗೆ ಸೀಗೆಪುಡಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಒಂದು ಚೊಂಬು ಹಾಕಿಕೊಂಡಳೋ ಇಲ್ಲವೋ, ಚೀರಿದಳು. ಗೀಸರ್ ಆರಿಹೋಗಿತ್ತು. ತಣ್ಣೀರು. ಡಿಸೆಂಬರ್ ತಿಂಗಳ ಬೆಳಗು. ಬಾಗಿಲು ತೆಗೆಸಿ ಒಳಗೆ ಹೋದರೆ ಅಮ್ಮನ ಹಲ್ಲು ಕಟಕಟ ಅನ್ನುತ್ತಿತ್ತು. ಅವಳಿಗೆ ಟವೆಲ್ ಹೊದಿಸಿ, ಮೈಯೆಲ್ಲ ಉರಿದುಕೊಂಡು ಕೆಳಗೆ ಓಡಿದೆ.

ಆಂಟಿ ಹಿತ್ತಲ ನಲ್ಲಿ ಪೂರ್ತಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದರು.

"ಏನ್ ಆಂಟಿ ಇದು! ಮೇಲೆ ನೀರೇ ಬರ್ತಿಲ್ಲ, ಉರಿ ಆರ್ಹೋಯ್ತು. ಮೂರು ದಿನ ಏನ್ ಪರೀಕ್ಷೆ ಮಾಡಿದ್ರಿ ನೀವು?"

ಅವರು ನಲ್ಲಿ ಕಟ್ಟಿದರು. ಒದ್ದೆ ಕೈಯನ್ನು ಹಣೆಗೆ ಚಚ್ಚಿಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಇನ್‌ಸ್ಪೆಕ್ಟರ್ ಬರೋ ದಿನ ಮಕ್ಕಳನ್ನ ಕೈಕಟ್ಟಿ ಕೂರಿಸ್ತಿದ್ವಲ್ಲ, ಹಾಗೆ ಟ್ಯಾಂಕ್ ತುಂಬಿಸಿ, ಕೆಳಗಿನ ನಲ್ಲಿ ಎಲ್ಲಾ ಕಟ್ಟಿ ಮೇಲಕ್ಕೆ ಬರ್ತಿದ್ದೆ ಕಣೇ. ದಿನಾ ಹಾಗೆ ಇರುತ್ತಾ ಕ್ಲಾಸು?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಒಲೆಯ ಮೇಲೆ ಅವರ ಸ್ನಾನಕ್ಕೆ ಕಾಯುತ್ತಿದ್ದ ನೀರನ್ನು ಬಕೆಟ್ಟಿಗೆ ಸುರಿದು, ನೋಯುವ ಮಂಡಿಯಲ್ಲೇ ಮೆಟ್ಟಿಲು ಹತ್ತಿದರು. ಕೊಡಿ ಎಂದರೆ ಕೊಡಲಿಲ್ಲ. ಬಚ್ಚಲ ಬಾಗಿಲಲ್ಲಿ ಬಕೆಟ್ ಇಟ್ಟು, "ಅಮ್ಮಾವ್ರೇ, ತಪ್ಪು ಲೆಕ್ಕ ಹಾಕಿದ್ದು ನಾನು. ಇನ್ಮೇಲೆ ನಿಮ್ ಸ್ನಾನ ನನ್ ಜವಾಬ್ದಾರಿ," ಎಂದರು. ಒಳಗಿನಿಂದ ಅಮ್ಮ ಸೀನುತ್ತಲೇ, "ಹತ್ತೊಂಬತ್ತೊಂಬತ್ಲ ಎಷ್ಟು ಟೀಚರಮ್ಮಾ?" ಎಂದು ಕೇಳಿದಳು. ಇಬ್ಬರೂ ನಕ್ಕರು.

ಮರುದಿನದಿಂದ ಹೊಸ ಪದ್ಧತಿ. ನಮ್ಮ ಬಚ್ಚಲಿನ ಪೈಪು ಅವರ ಅಡುಗೆಮನೆಯ ಹಿಂದೆ, ಹಿತ್ತಲ ಗೋಡೆಗುಂಟ ಇಳಿಯುತ್ತಿತ್ತು. ಕೆಳಗಿನ ನಲ್ಲಿಗಳನ್ನೆಲ್ಲ ಕಟ್ಟಿ, ಸೌಟಿನಿಂದ ಆ ಪೈಪಿಗೆ ಎರಡು ಸಲ ಬಡಿಯುತ್ತಿದ್ದರು. ಟಣ್, ಟಣ್. ಅಂದರೆ ಮೇಲೆ ಗೀಸರ್ ಹಾಕಬಹುದು. ಸ್ನಾನ ಮುಗಿಸಿ ಅಮ್ಮನೇ ಚೊಂಬಿನಿಂದ ವಾಪಸ್ಸು ತಟ್ಟಬೇಕು. ಅಲ್ಲಿಯವರೆಗೆ ಕೆಳಗೆ ಪಾತ್ರೆ, ಬಟ್ಟೆ ಎಲ್ಲ ಹಾಗೇ ಬಿದ್ದಿರುತ್ತಿದ್ದವು. ಅಮ್ಮನ ಸ್ನಾನವೋ, ಮದುವೆ ಹೆಣ್ಣಿನ ಅಲಂಕಾರದಷ್ಟು ಹೊತ್ತು. "ನಿಮ್ ಕೆಲಸ ಎಲ್ಲಾ ನಿಲ್ಲುತ್ತಲ್ಲ ಆಂಟಿ," ಎಂದರೆ, "ನಂಗೇನು ಬೆಲ್ ಹೊಡೆಯುತ್ತಾ? ಕೂತ್ಕೊಂಡು ಕಾಫಿ ಕುಡೀತೀನಿ, ನೀನು ಹೊರಡು," ಎನ್ನುತ್ತಿದ್ದರು. ನಾನು ಸ್ಕೂಟರ್ ಹತ್ತಿ ಹೋಗಬಹುದಾಗಿತ್ತು. ಅಮ್ಮ ಒಬ್ಬಳೇ ಸ್ನಾನ ಮಾಡುವಳು, ಕೆಳಗೆ ಕಿವಿ ತೆರೆದುಕೊಂಡು ಇನ್ನೊಬ್ಬರು ಕೂತಿರುವರು ಎಂಬ ಧೈರ್ಯದ ಮೇಲೆ ನಾನು ಆ ಕೆಲಸ ಉಳಿಸಿಕೊಂಡೆ. ನನ್ನನ್ನು ಹೆತ್ತವಳಂತೆ ನೋಡಿಕೊಂಡರು ಎಂದರೆ ಅದು ಬರೀ ಮಾತಲ್ಲ.

ಒಮ್ಮೆ ಅವರ ತಂಗಿ ಮಗಳು ಬಂದಿದ್ದವಳು ತಿಳಿಯದೆ ನಲ್ಲಿ ಬಿಟ್ಟಳು. "ಮುಚ್ಚೇ! ಮೇಲೆ ಅಮ್ಮಾವ್ರು ಸ್ನಾನಕ್ಕೆ ಕೂತಿದಾರೆ!" ಎಂದು ಆಂಟಿ ಕೂಗಿದ ಕೂಗು ಬೀದಿಯ ಕೊನೆಯವರೆಗೂ ಕೇಳಿತು. "ನಾನ್ ಸ್ನಾನ ಮಾಡೋದು ಇಡೀ ಬಸವೇಶ್ವರನಗರಕ್ಕೇ ಡಂಗುರ ಸಾರ್ಬಿಟ್ರು," ಎಂದು ಅಮ್ಮ ಒಂದು ವಾರ ಗೊಣಗಿದಳು, ಒಳಗೊಳಗೇ ಖುಷಿಪಟ್ಟಳು.

ಹೋದ ಮಳೆಗಾಲದಲ್ಲಿ ಆಂಟಿಗೆ ಜ್ವರ ಬಂತು. ಜ್ವರದಲ್ಲೂ ಎದ್ದು ಬಂದು ಬಡಿದರು. ಬೇಡ ಆಂಟಿ, ಮಲಗಿ ಎಂದರೆ, "ಹಾಜರಿ ಹಾಕ್ದೆ ಮಲಗೋಕಾಗುತ್ತಾ," ಎಂದರು. ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎಂದರು. ವಾಪಸ್ಸು ಮನೆಗೆ ಬರಲಿಲ್ಲ. ತಂಗಿ ಮಗಳು ಕಾರ್ಯ ಮುಗಿಸಿ ಕೆಳಗಿನ ಮನೆಗೆ ಬೀಗ ಹಾಕಿಕೊಂಡು ಹೋದಳು.

ಬೀಗ ಬಿದ್ದ ಮರುದಿನ ಗೀಸರ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ತಂಗಿ ಮಗಳು ಕೆಳಗಿನ ಮೇನ್ ವಾಲ್ವನ್ನೇ ಕಟ್ಟಿ ಹೋಗಿದ್ದರಿಂದ, ಸೋರುವ ಹಳೆಯ ನಲ್ಲಿಗಳಿಗೂ ಹೋಗದೆ ನೀರೆಲ್ಲ ಮೇಲೆ ದಬದಬನೆ ಬಿತ್ತು. ಈ ಮನೆಗೆ ಬಂದ ಮೇಲೆ ಇಷ್ಟು ನೀರು ನಾನು ಕಂಡಿರಲಿಲ್ಲ. ಸುಮ್ಮನೆ ಮಗ್ಗಿ ಹೇಳಿ ನೋಡಿದೆ. ಹತ್ತೊಂಬತ್ತೇಳ್ಲಕ್ಕೇ ಬಕೆಟ್ ತುಂಬಿ ಚೆಲ್ಲಿತು. ಅಮ್ಮ ಸ್ಟೂಲಿನ ಮೇಲೆ ಕೂತವಳು ಚೊಂಬು ಮುಟ್ಟಲಿಲ್ಲ.

"ಯಾಕಮ್ಮಾ? ಬಿಸಿ ಇದೆ, ಹಾಕ್ಕೋ."

"ನೀನಾದ್ರೂ ಕೆಳಗೆ ಹೋಗಿ ತಟ್ಟಿ ಬಾರೇ. ಹಾಗೇ ಹಾಕ್ಕೊಳ್ಳೋಕೆ ಮನಸ್ಸು ಬರ್ತಿಲ್ಲ."

ನನಗೆ ಹೊತ್ತಾಗಿತ್ತು, ಮೈ ಸೋತಿತ್ತು. ಆದರೂ ಸೌಟು ಹಿಡಿದು ಹಿತ್ತಲಿಗೆ ಇಳಿದೆ. ಪೈಪಿನ ಮೇಲೆ ಆಂಟಿ ಬಡಿದ ಜಾಗದಲ್ಲಿ ಬಣ್ಣ ಹೋಗಿ ಹೊಳೆಯುತ್ತಿತ್ತು. ಅಲ್ಲಿಗೇ ಎರಡು ಸಲ ಬಡಿದೆ. ಮೇಲೆ ನೀರು ಸುರಿಯುವ ಸದ್ದು ಶುರುವಾಯಿತು. ಸ್ನಾನ ಮುಗಿಯುವವರೆಗೂ ಅವರ ಬೀಗ ಹಾಕಿದ ಹಿತ್ತಲ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಕೊನೆಗೆ ಅಮ್ಮ ವಾಪಸ್ಸು ತಟ್ಟಿದಳು. ಎಡಗೈಯಲ್ಲಿ, ಮೆಲ್ಲಗೆ, ಎರಡು ಸಲ.